ಅಲುಗಾಡುವ ಗ್ರಾಫಿಕ್ಸ್ ಕಾರ್ಡ್ ಫ್ಯಾನು: ಬಿಚ್ಚುವ ಮೊದಲೇ ದೋಷ ಪತ್ತೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಉಪಗ್ರಹಗಳ ಮೇಲೆ ನಿಗಾ ಇರಿಸಿರುವ ಕೇಂದ್ರವಿದು. ಉಪಗ್ರಹದ ದಿಕ್ಕನ್ನು ಕಾಯುವ ತಿರುಗುಗಾಲಿಯ ಬೇರಿಂಗು ಸವೆದರೆ ಅದನ್ನು ಬಿಚ್ಚಿ ನೋಡಲು ಯಾರೂ ಹೋಗಲಾರರು. ನೆಲಕ್ಕೆ ತಲುಪುವ ಅಂಕಿಗಳಿಂದಲೇ ರೋಗವನ್ನು ಗುರುತಿಸಬೇಕು. ಇದೇ ರಸ್ತೆಯಲ್ಲಿ 1960ರಲ್ಲಿ ಸ್ಥಾಪನೆಯಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜೂ ಇದೆ. ಅಲ್ಲಿನ ವಿದ್ಯಾರ್ಥಿಯೊಬ್ಬನ ಗಣಕಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಗರಗರ ಸದ್ದು ಮಾಡತೊಡಗಿದರೆ ಅನುಸರಿಸಬೇಕಾದ ಕ್ರಮವೂ ಅದೇ. ಸ್ಕ್ರೂಡ್ರೈವರ್ ಹಿಡಿಯುವುದು ಕೊನೆಯ ಹೆಜ್ಜೆ.

ಮಧ್ಯಮ ದರ್ಜೆಯ ಇಂದಿನ ಕಾರ್ಡೊಂದು 150ರಿಂದ 200 ವ್ಯಾಟ್‌ನಷ್ಟು ಶಾಖವನ್ನು ಹೊರಹಾಕುತ್ತದೆ. ಫ್ಯಾನು ಸೋತರೆ ಚಿಪ್ಪು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಶಾಖ ಮಿತಿಮೀರಿದರೆ ಸ್ಥಗಿತಗೊಳ್ಳುತ್ತದೆ. ಆದ್ದರಿಂದ ಕಾರ್ಡು ಕೂಡಲೇ ಸುಟ್ಟುಹೋಗುವ ಭಯ ಕಡಿಮೆ. ಕಾರ್ಡೇ ಕೆಟ್ಟಿತೆಂದು ಭಾವಿಸಿ ಸಾವಿರಾರು ರೂಪಾಯಿಯ ವಸ್ತುವನ್ನು ಅಗ್ಗಕ್ಕೆ ಮಾರಿಬಿಡುವುದೇ ನಿಜವಾದ ನಷ್ಟ. ಇಡೀ ಕಾರ್ಡಿನಲ್ಲಿ ಮೊದಲು ಸವೆಯುವ ಭಾಗ ಫ್ಯಾನು. ಅತಿ ಅಗ್ಗದ ಭಾಗವೂ ಅದೇ.

ವೇಗ ಬದಲಿಸಿ ಆಲಿಸುವುದು

ಆಫ್ಟರ್‌ಬರ್ನರ್‌ನಂತಹ ಉಚಿತ ತಂತ್ರಾಂಶದ ನೆರವಿನಿಂದ ಫ್ಯಾನಿನ ವೇಗವನ್ನು ಶೇ. 30ರಿಂದ ಹತ್ತು ಹತ್ತರಂತೆ ಏರಿಸುತ್ತ ಸದ್ದನ್ನು ಆಲಿಸಬೇಕು. ವೇಗದೊಂದಿಗೆ ಅದುರುವಿಕೆಯೂ ಸತತವಾಗಿ ಏರಿದರೆ ರೆಕ್ಕೆಗಳ ತೂಕ ಸಮವಾಗಿಲ್ಲವೆಂದು ಅರ್ಥ. ಅಸಮತೋಲನದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಝೇಂಕಾರ ಕೇಳಿ, ಅದನ್ನು ದಾಟಿದೊಡನೆ ಅಡಗಿದರೆ ಅದು ಅನುರಣನ. ಅಂಥಲ್ಲಿ ಸಡಿಲವಾದ ಸ್ಕ್ರೂ ಅಥವಾ ಪ್ಲಾಸ್ಟಿಕ್ ಹೊದಿಕೆಯನ್ನು ಸಂಶಯಿಸಬೇಕು. ಎಲ್ಲ ವೇಗದಲ್ಲೂ ಉಜ್ಜುವ ಸದ್ದಿದ್ದರೆ ಬೇರಿಂಗು ಸವೆದಿದೆ.

ಅದುರುವಿಕೆಯಿಲ್ಲದೆ ವೇಗವಷ್ಟೇ ಏರಿಳಿದರೆ ಅದು ಯಾಂತ್ರಿಕ ದೋಷವಾಗಿರದೆ ಉಷ್ಣತೆಗೆ ತಕ್ಕಂತೆ ವೇಗ ನಿಗದಿಪಡಿಸುವ ಹೊಂದಾಣಿಕೆಯ ಫಲವಾಗಿರಬಹುದು. ಈಚಿನ ಅನೇಕ ಕಾರ್ಡುಗಳಲ್ಲಿ ಚಿಪ್ಪು ತಣ್ಣಗಿರುವಾಗ ಫ್ಯಾನು ಪೂರ್ತಿ ನಿಲ್ಲುವಂತೆಯೇ ವಿನ್ಯಾಸವಿರುತ್ತದೆ. ನಿಂತ ಫ್ಯಾನನ್ನು ಕಂಡು ಗಾಬರಿಗೊಂಡು ಅಂಗಡಿಗೆ ಓಡಬೇಕಿಲ್ಲ.

ಕೈಯಿಂದ ಪರೀಕ್ಷೆ

ವಿದ್ಯುತ್ ಸಂಪರ್ಕವನ್ನು ಪೂರ್ತಿ ಕಡಿದ ಬಳಿಕ ಬೆರಳಿನಿಂದ ಫ್ಯಾನನ್ನು ಮೆಲ್ಲಗೆ ತಿರುಗಿಸಿ ನೋಡಬೇಕು. ಸರಿಯಿರುವ ಫ್ಯಾನು ನಿಧಾನವಾಗಿ ನಿಲ್ಲುತ್ತದೆ; ತಟ್ಟನೆ ನಿಂತರೆ ಒಳಗಿನ ಎಣ್ಣೆ ಒಣಗಿದೆ ಅಥವಾ ಏನೋ ಅಡ್ಡ ಬಂದಿದೆ. ನಡುವಿನ ಗುಂಬವನ್ನು ಹಿಡಿದು ಅಲುಗಿಸಿದಾಗ ಮೇಲೆ ಕೆಳಗೆ ತುಸು ಚಲನೆ ಇರುವುದು ಸಹಜ. ಆದರೆ ಪಕ್ಕಕ್ಕೆ ಓಲಾಡಿದರೆ ಸವೆತ ಖಚಿತ, ಅಂಥ ಫ್ಯಾನು ಶುಚಿ ಮಾಡಿದರೂ ಸುಧಾರಿಸದು.

ಹಾಸನದಂತಹ ಊರಲ್ಲಿ ಧೂಳಿಗೆ ಎರಡು ಕಾಲ. ಬೇಸಿಗೆಯಲ್ಲಿ ಒಣ ಧೂಳು ಸೇರುತ್ತದೆ. ಮಳೆಗಾಲದ ತೇವಕ್ಕೆ ಅದೇ ಧೂಳು ರೆಕ್ಕೆಯ ಅಂಚಿಗೆ ಅಂಟಿ ಗಟ್ಟಿಯಾಗುತ್ತದೆ. ಎಲ್ಲ ರೆಕ್ಕೆಗಳಿಗೂ ಸಮನಾಗಿ ಅಂಟುವುದಿಲ್ಲವಾದ್ದರಿಂದ ಓಲಾಟ ಹುಟ್ಟುತ್ತದೆ. ಮೃದುವಾದ ಬ್ರಶ್ಶಿನಿಂದ ಪ್ರತಿ ರೆಕ್ಕೆಯ ಎರಡೂ ಬದಿಗಳನ್ನು ಒರೆಸಿದರೆ ಎಷ್ಟೋ ಬಾರಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಬ್ಲೋವರ್ ಬಳಸುವವರು ಫ್ಯಾನು ತಿರುಗದಂತೆ ಬೆರಳಿನಿಂದ ತಡೆಹಿಡಿಯಬೇಕು. ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗಿಗೆ ಪೆಟ್ಟು. ತಿರುಗುವ ಮೋಟರು ವಿದ್ಯುತ್ತನ್ನೂ ಉತ್ಪಾದಿಸುತ್ತದೆ.

ರೆಕ್ಕೆ ಮುರಿದಿದ್ದರೆ ಎದುರಿನ ರೆಕ್ಕೆಯನ್ನೂ ಕತ್ತರಿಸಿ ಸರಿದೂಗಿಸಿ ಎಂಬ ಸಲಹೆ ಚಾಲ್ತಿಯಲ್ಲಿದೆ. ಆದರೆ ಬಹಳಷ್ಟು ಫ್ಯಾನುಗಳಿಗೆ 9 ಅಥವಾ 11 ರೆಕ್ಕೆಗಳಿರುತ್ತವೆ. ಬೆಸ ಸಂಖ್ಯೆಯಲ್ಲಿ ಎದುರಿನ ರೆಕ್ಕೆ ಎಂಬುದೇ ಇಲ್ಲ!

ಎಣ್ಣೆ ಬಿಡುವ ಮುನ್ನ

ತೋಳು ಬೇರಿಂಗು, ಅಂದರೆ ಲೋಹದ ಕೊಳವೆಯೊಳಗೆ ಅಚ್ಚು ತಿರುಗುವ ಬಗೆಯದಾಗಿದ್ದು ಒಳಗೆ ತಲುಪಲು ದಾರಿಯಿದ್ದರೆ, ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಹನಿ ಕೆಲ ತಿಂಗಳು ಕಾಪಾಡೀತು. ತೆಂಗಿನೆಣ್ಣೆ ಸಲ್ಲದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಹಾಸನದ ಚಳಿಗಾಲದ ಮುಂಜಾನೆಗಳಲ್ಲಿ ಶೀಶೆಯ ಎಣ್ಣೆ ಬೆಣ್ಣೆಯಂತಾಗುವುದು ಅಲ್ಲಿನ ಮನೆಗಳಲ್ಲಿ ಹೊಸ ಸಂಗತಿಯಲ್ಲ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಗ ಆರಿಹೋಗುವುದರಿಂದ ಪ್ರಯೋಜನವಿಲ್ಲ. ಗುಂಡು ಬೇರಿಂಗಿನ ಫ್ಯಾನು ಗರಗರ ಎಂದರೆ ಎಣ್ಣೆಯ ಆಸೆ ಬಿಟ್ಟು ಹೊಸದನ್ನು ಹಾಕಿಸುವುದೇ ಮೇಲು.

ಬದಲಿ ಫ್ಯಾನು ಕೊಳ್ಳುವಾಗ ಕಾರ್ಡಿನ ಹೆಸರೊಂದೇ ಸಾಲದು. ಒಂದೇ ಹೆಸರಿನ ಕಾರ್ಡಿಗೂ ಬೇರೆ ಬೇರೆ ಫ್ಯಾನುಗಳು ಬರುತ್ತವೆ. ಹಳೆಯ ಫ್ಯಾನಿನ ಚೀಟಿಯ ಮೇಲಿನ ಮಾದರಿ ಸಂಖ್ಯೆ, ವೋಲ್ಟ್ ಮತ್ತು ಆಂಪಿಯರ್, ರೆಕ್ಕೆವೃತ್ತದ ವ್ಯಾಸ, ಸ್ಕ್ರೂ ರಂಧ್ರಗಳ ನಡುವಿನ ಅಂತರ, ಕನೆಕ್ಟರಿನ ಪಿನ್ನುಗಳ ಸಂಖ್ಯೆ ಇವೆಲ್ಲ ಹೊಂದಬೇಕು. ಜೋಡಿ ಫ್ಯಾನುಗಳಿದ್ದಲ್ಲಿ ಎಡ ಬಲಗಳ ತಿರುಗುವ ದಿಕ್ಕೂ ಬೇರೆಯಾಗಿರಬಹುದು. ಕೆಲವು ಕಾರ್ಡುಗಳಲ್ಲಿ ಫ್ಯಾನು ತೆಗೆಯಲು ಶಾಖಹೀರುಕವನ್ನೇ ಬಿಚ್ಚಬೇಕಾಗುತ್ತದೆ. ಆಗ ಚಿಪ್ಪಿನ ಮೇಲಿನ ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚದೆ ಮತ್ತೆ ಕೂರಿಸುವಂತಿಲ್ಲ. ವಾರಂಟಿ ಅವಧಿ ಮುಗಿಯದಿದ್ದರೆ ಸ್ಕ್ರೂ ಮೇಲಿನ ಮುದ್ರೆಯನ್ನು ಮುಟ್ಟದೆ, ಫ್ಯಾನಿನ ಓಲಾಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಬಿಲ್ಲಿನೊಂದಿಗೆ ಸೇವಾ ಕೇಂದ್ರಕ್ಕೆ ಒಯ್ಯುವುದು ಲೇಸು.