ಮಿದುಳಿನ ಸೇವನಿಯಿಂದ ಹೊರಟ ತಂತುಗಳು

ಮಿದುಳು ಬೆನ್ನುಹುರಿಯೊಡನೆ ಕೂಡುವೆಡೆಯಲ್ಲಿ ಗಿಡದ ಕಾಂಡವನ್ನು ಹೋಲುವ ಭಾಗವೊಂದುಂಟು. ಅದರ ಎಡಬಲಗಳು ಸೇರುವ ನಟ್ಟನಡುವಿನ ಗೆರೆಯನ್ನು ಪಾಶ್ಚಾತ್ಯ ಶಾರೀರಜ್ಞರು ‘ರಾಫೆ’ ಎಂದರು. ಆ ಗ್ರೀಕ್ ಪದಕ್ಕೆ ಹೊಲಿಗೆಯೆಂದರ್ಥ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಉಕ್ತವಾದ ಏಳು ‘ಸೇವನಿ’ಗಳ ಹೆಸರಿಗೂ ಇದೇ ಅರ್ಥ, ಅವುಗಳಲ್ಲಿ ಐದು ಶಿರಸ್ಸಿನವು. ಆದರೆ ಸುಶ್ರುತನು ಹೇಳಿದ ಸೇವನಿಗಳು ಬೇರೆ. ಪದಸಾಮ್ಯವೊಂದನ್ನೇ ಹಿಡಿದು ಇಂದಿನ ಶೋಧನೆಯನ್ನು ಪ್ರಾಚೀನರಿಗೆ ಆರೋಪಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಈ ನಡುಗೆರೆಯ ನರಕೋಶಗಳ ಆಕೃತಿಯನ್ನು ಸ್ಪೇನಿನ ಕಹಾಲನು ರಜತವರ್ಣದ ಸಹಾಯದಿಂದ ಮೊದಲೇ ಚಿತ್ರಿಸಿದ್ದನು. ಅವುಗಳೊಳಗಿನ ದ್ರವ್ಯವಾವುದೆಂಬುದು ಮಾತ್ರ ಗೂಢವಾಗಿಯೇ ಉಳಿದಿತ್ತು. 1948ರಲ್ಲಿ ಅಮೆರಿಕದ ರ್‍ಯಾಪೋರ್ಟ್, ಗ್ರೀನ್, ಪೇಜ್ ಎಂಬ ಮೂವರು ರಕ್ತದಿಂದ ಸೆರೊಟೋನಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1953ರಲ್ಲಿ ಬೆಟ್ಟಿ ಟ್ವಾರೋಗ್ ಎಂಬ ವಿದುಷಿಯೂ ಪೇಜನೂ ಅದು ಮಿದುಳಿನಲ್ಲಿಯೂ ಇರುವುದನ್ನು ತೋರಿಸಿದರು. ನಮ್ಮ ವೈದ್ಯರಿಗೆ ಚಿರಪರಿಚಿತವಾದ ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪೀನ್ ಮಿದುಳಿನ ಸೆರೊಟೋನಿನನ್ನು ಬರಿದುಮಾಡುವುದೆಂದು 1955ರಲ್ಲಿ ಬ್ರೋಡೀ ಮೊದಲಾದವರು ಕಂಡಾಗ, ಈ ವಸ್ತುವಿಗೂ ಮನಸ್ಸಿನ ಸ್ಥಿತಿಗೂ ಏನೋ ನಂಟಿದೆಯೆಂಬ ಕುತೂಹಲ ಬಲವಾಯಿತು. ಆದರೆ ಅರೆದ ಮಿದುಳಿನಲ್ಲಿ ವಸ್ತುವನ್ನು ಅಳೆಯಬಹುದಲ್ಲದೆ, ಅದಿದ್ದ ಮನೆಯನ್ನು ಗುರುತಿಸಲಾಗದು.

ಆ ಮನೆಯನ್ನು ತೋರಿಸಿಕೊಟ್ಟುದು ಸ್ವೀಡನ್ ದೇಶ. ಫಾಲ್ಕ್ ಮತ್ತು ಹಿಲ್ಲಾರ್ಪ್ ಎಂಬವರು 1962ರಲ್ಲಿ ಹೊಸ ಕ್ರಮವೊಂದನ್ನು ಪ್ರಕಟಿಸಿದರು. ಮಿದುಳಿನ ತುಣುಕನ್ನು ಹೆಪ್ಪುಗಟ್ಟಿಸಿ, ಒಣಗಿಸಿ, ಫಾರ್ಮಾಲ್ಡಿಹೈಡಿನ ಬಿಸಿ ಆವಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ತಕ್ಕ ಬೆಳಕಿನಡಿ ನೋಡಿದರೆ, ಸೆರೊಟೋನಿನ್ ಇರುವ ಕೋಶಗಳು ಹಳದಿಯಾಗಿ ಹೊಳೆಯುವುವು. ನೊರಾಡ್ರಿನಲಿನ್, ಡೋಪಮೀನ್‍ಗಳ ಹೊಳಪು ಹಸುರು. ಹಿಲ್ಲಾರ್ಪನ ಶಿಷ್ಯರಾದ ಅನಿಕಾ ಡಾಲ್‍ಸ್ಟ್ರೋಮ್ ಮತ್ತು ಫುಕ್ಸೆ ಇದೇ ಕ್ರಮದಿಂದ ಇಲಿಯ ಮಿದುಳನ್ನು ಪರೀಕ್ಷಿಸಿ, ಸೆರೊಟೋನಿನ್ ಕೋಶಗಳ 9 ಗುಂಪುಗಳನ್ನು 1964ರಲ್ಲಿ ವರ್ಣಿಸಿ, ಅವಕ್ಕೆ ಬಿ-1ರಿಂದ ಬಿ-9ರ ವರೆಗೆ ಹೆಸರಿಟ್ಟರು. ಅವುಗಳಲ್ಲಿ ಹೆಚ್ಚಿನವು ಆ ಹೊಲಿಗೆಯ ಉದ್ದಕ್ಕೇ ಇದ್ದುವು. ಮರುವರ್ಷವೇ ಹಿಲ್ಲಾರ್ಪನು ಕಾಲವಶನಾದನು.

ಮನೆ ಸಿಕ್ಕಿತು, ದಾರಿ ಸಿಕ್ಕಲಿಲ್ಲ. ಆ ಹಳದಿಯ ಹೊಳಪು ನೋಡುನೋಡುತ್ತಿರುವಾಗಲೇ ಮಾಸುವಂಥದು. ಕೋಶದಿಂದ ಹೊರಟ ತಂತುವೋ ಅತಿಸೂಕ್ಷ್ಮ. ಆಗ ಆ ಶಿಷ್ಯರು ಹೂಡಿದ ಉಪಾಯವನ್ನು ರೈತನಾದವನು ಸುಲಭವಾಗಿ ತಿಳಿದಾನು. ಕಾಲುವೆಗೆ ಅಡ್ಡಕಟ್ಟೆ ಹಾಕಿದರೆ ನೀರು ಮೇಲ್ಗಡೆ ತುಂಬಿ ಕೆಳಗಡೆ ಬತ್ತುವುದಷ್ಟೆ. ಅಂತೆಯೇ ಇಲಿಯ ಬೆನ್ನುಹುರಿಯನ್ನು ಕತ್ತರಿಸಲು, ಕೊಯ್ದ ಎಡೆಯ ಮೇಲ್ಗಡೆ ಸೆರೊಟೋನಿನ್ ತುಂಬಿಕೊಂಡಿತು, ಕೆಳಗಡೆ ಕ್ರಮೇಣ ಇಲ್ಲವಾಯಿತು. ಹೀಗೆ, ಕೆಳಗಣ ಗುಂಪುಗಳ ತಂತುಗಳು ಬೆನ್ನುಹುರಿಗೆ ಇಳಿಯುವುವೆಂದು 1965ರಲ್ಲಿ ಸಿದ್ಧಪಟ್ಟಿತು.

ಮೇಲ್ಮುಖವಾಗಿ ಹರಡುವ ತಂತುಗಳ ಕಥೆ ಇನ್ನೂ ತೊಡಕಿನದು. 1970ರ ದಶಕದಲ್ಲಿ ವಿಕಿರಣಶೀಲ ಅಮೈನೋ ಆಮ್ಲವನ್ನು ಸೇವನಿಯ ಕೋಶಗಳಿಗೆ ಚುಚ್ಚಿ, ಅದು ತಂತುವಿನುದ್ದಕ್ಕೂ ಸಾಗಿದ ಜಾಡನ್ನು ಛಾಯಾಪಟಲದ ಮೇಲೆ ಹಿಡಿದರು. ಅಜ್ಮಿಷಿಯಾ ಮತ್ತು ಸೆಗಲ್ ಎಂಬವರ 1978ರ ಶೋಧನೆಯಿಂದ, ಬೆನ್ನಿನ ಕಡೆಯ ಗುಂಪೂ ನಡುವಣ ಗುಂಪೂ ಬೇರೆಬೇರೆ ಹಾದಿ ಹಿಡಿಯುವುವೆಂದು ವಿದಿತವಾಯಿತು. ಆದರೂ ಒಂದು ಕೊರತೆಯಿತ್ತು. ಚುಚ್ಚಿದ ವಸ್ತುವನ್ನು ನೆರೆಯ ಅನ್ಯ ಕೋಶಗಳೂ ಹೀರುವುವು. ಕಂಡ ತಂತು ಯಾರದೆಂದು ಹೇಳುವುದು ಹೇಗೆ? ಸೆರೊಟೋನಿನನ್ನೇ ಗುರುತಿಸುವ ಪ್ರತಿಕಾಯಗಳು ಒದಗಿದ ಮೇಲೆ, 1981ರಲ್ಲಿ ಹಾಲೆಂಡಿನ ಸ್ಟೈನ್‍ಬುಷ್ ಇಲಿಯ ಮಿದುಳಿನಾದ್ಯಂತ ಈ ತಂತುಗಳ ವಿಸ್ತಾರವಾದ ನಕ್ಷೆಯನ್ನು ಕೊಟ್ಟನು. ತಂತುಗಳಿಲ್ಲದ ಎಡೆ ವಿರಳವೆಂಬಂತೆ ಅವು ಹರಡಿದ್ದುವು.

ಇವೆಲ್ಲ ಇಲಿಯ ನಕ್ಷೆಗಳೆಂಬುದನ್ನು ವಾಚಕರು ಮರೆಯಲಾಗದು. ಜೀವಂತ ಮನುಷ್ಯನಲ್ಲಿ ಅಂಥ ಛೇದನಕ್ಕೆ ಎಡೆಯಿಲ್ಲ. ಅವನ ತಂತುಗಳ ಸೂಕ್ಷ್ಮವಿವರವನ್ನು ಬಹುಮಟ್ಟಿಗೆ ಮರಣಾನಂತರ ದೊರೆತ ಮಿದುಳುಗಳಿಂದಲೇ ತಿಳಿಯಬೇಕಾಗಿದೆ.