ಬಾಯಿಯ ಕ್ಯಾನ್ಸರ್

ಬಾಯಿಯ ಕ್ಯಾನ್ಸರ್ ಎಂದರೆ ತುಟಿ, ನಾಲಗೆ, ಕೆನ್ನೆಯ ಒಳಭಾಗ, ವಸಡು, ಬಾಯಿಯ ತಳ ಹಾಗೂ ಗಟ್ಟಿ ಅಂಗುಳದಲ್ಲಿ ಉಂಟಾಗುವ ಕ್ಯಾನ್ಸರ್. ಇದರ ಬಹುಪಾಲು ಪ್ರಕರಣಗಳು ಬಾಯಿಯ ಒಳಪೊರೆಯ ಚಪ್ಪಟೆ ಜೀವಕೋಶಗಳಲ್ಲಿ ಆರಂಭವಾಗುವ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಬಗೆಗೆ ಸೇರಿವೆ. ಭಾರತದ ಪುರುಷರಲ್ಲಿ ಅತಿ ಹೆಚ್ಚಾಗಿ ಪತ್ತೆಯಾಗುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ತಂಬಾಕು, ಅಡಿಕೆ ಮತ್ತು ಮದ್ಯ ಇದರ ಮುಖ್ಯ ಕಾರಣಗಳು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಅಡಿಕೆಯು ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು, ಎಲೆಯಡಿಕೆ ಜಗಿಯುವ ರೂಢಿಯೂ ಇರುವುದರಿಂದ, ಈ ರೋಗದ ಕುರಿತ ಸಂಶೋಧನೆಗಳಿಗೆ ಅಲ್ಲಿ ವಿಶೇಷ ಮಹತ್ವವಿದೆ.

ಕಾರಣಗಳು

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. 2004ರಲ್ಲಿ ಪ್ರಕಟವಾದ ಅದರ ವರದಿಯು ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಒಂದೇ ರಾಸಾಯನಿಕವನ್ನು 2020ರಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿದಾಗ ಅದನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ ಗುಂಪಿನಲ್ಲಿ ಇರಿಸಲಾಯಿತು. ಈ ಎರಡು ನಿರ್ಣಯಗಳು ಬೇರೆ ಬೇರೆ ವಸ್ತುಗಳಿಗೆ ಸಂಬಂಧಿಸಿದವು. ಎರಡನೆಯದು ಮೊದಲನೆಯದನ್ನು ರದ್ದುಗೊಳಿಸುವುದಿಲ್ಲ.

ಅಧ್ಯಯನಗಳಲ್ಲಿ ಅಡಿಕೆಯನ್ನು ತಂಬಾಕು ಮತ್ತು ಗುಟ್ಕಾದಿಂದ ಬೇರ್ಪಡಿಸಿ ನೋಡಿಲ್ಲ ಎಂಬ ಆಕ್ಷೇಪ ಬೆಳೆಗಾರರ ವಲಯದಲ್ಲಿದೆ. ಈ ಪ್ರಶ್ನೆಗೆ ತೈವಾನಿನ ಅಧ್ಯಯನಗಳು ಮುಖ್ಯವಾಗುತ್ತವೆ. ಅಲ್ಲಿ ಅಡಿಕೆಯನ್ನು ಸಾಮಾನ್ಯವಾಗಿ ತಂಬಾಕು ಬೆರೆಸದೆ ಜಗಿಯುತ್ತಾರೆ. ಆದರೂ ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವುದು ಕಂಡುಬಂದಿದೆ. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2022ರಲ್ಲಿ ಜಗತ್ತಿನ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳ ಪೈಕಿ 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ. ಅವುಗಳಲ್ಲಿ 83,400 ಭಾರತದವು.

ಅಪಾಯವಿರುವುದು ಜಗಿಯುವುದರಲ್ಲಿ, ಅಡಿಕೆ ಕೃಷಿಯಲ್ಲಿ ಅಲ್ಲ.

ಪೂರ್ವಸೂಚನೆಗಳು

ಬಾಯಿಯ ಕ್ಯಾನ್ಸರ್‌ಗಿಂತ ಮೊದಲು ಹಲವರಲ್ಲಿ ಕಣ್ಣಿಗೆ ಕಾಣುವ ಬದಲಾವಣೆಗಳು ಆಗುತ್ತವೆ. ಅವುಗಳಲ್ಲಿ ಮುಖ್ಯವಾದವು:

• ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ
• ಎರಡು–ಮೂರು ವಾರಗಳಾದರೂ ಮಾಯದ ಹುಣ್ಣು
• ಖಾರ ತಿಂದಾಗ ಬಾಯಿ ಉರಿಯುವುದು, ಬಾಯಿ ತೆರೆಯುವ ಅಳತೆ ಕ್ರಮೇಣ ಕಡಿಮೆಯಾಗುವುದು
• ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ಕತ್ತಿನಲ್ಲಿ ಗಂಟು

ಮೂರನೆಯದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿಯ ಲಕ್ಷಣ. ಇದರಲ್ಲಿ ಕೆನ್ನೆಯ ಒಳಪೊರೆಯ ಅಡಿಯಲ್ಲಿ ನಾರಿನಂಥ ಅಂಗಾಂಶ ಬೆಳೆದು ಕೆನ್ನೆ ಬಿಗಿಯಾಗುತ್ತದೆ. ಇದಕ್ಕೆ ಅಡಿಕೆಯೇ ಪ್ರಧಾನ ಕಾರಣ. ಬಿಗಿತವು ಪೂರ್ಣವಾಗಿ ಹಿಂದಿನಂತಾಗುವುದು ಅಪರೂಪ. ಜಗಿಯುವುದನ್ನು ನಿಲ್ಲಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ತಪಾಸಣೆ ಮತ್ತು ರೋಗನಿರ್ಣಯ

ಈ ಕ್ಯಾನ್ಸರನ್ನು ಪತ್ತೆಹಚ್ಚುವ ಮೊದಲ ಸಾಧನ ಬೆಳಕು ಮತ್ತು ತರಬೇತಿ ಪಡೆದ ಕಣ್ಣು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಸುಮಾರು 1,90,000 ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನವರ ಬಾಯಿಯನ್ನು ಆರೋಗ್ಯ ಕಾರ್ಯಕರ್ತರು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನಿಂದಾಗುವ ಸಾವು ಪರೀಕ್ಷೆಗೊಳಗಾದ ಗುಂಪಿನಲ್ಲಿ ಶೇ. 34ರಷ್ಟು ಕಡಿಮೆಯಾಗಿತ್ತು. ಭಾರತದ ಸರಕಾರಿ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಾಯಿಯ ತಪಾಸಣೆಯ ಅವಕಾಶವಿದೆ. ಮೊಬೈಲ್ ಫೋನಿನಲ್ಲಿ ಬಾಯಿಯ ಚಿತ್ರ ತೆಗೆದು ದೂರದ ತಜ್ಞರಿಗೆ ಕಳುಹಿಸುವ ವಿಧಾನವನ್ನು ಕರ್ನಾಟಕದಲ್ಲಿ ಪ್ರಯೋಗಿಸಲಾಗಿದೆ. ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ವಿಂಗಡಿಸುವ ಕುರಿತೂ ಸಂಶೋಧನೆ ನಡೆದಿದೆ.

ರೋಗವನ್ನು ಖಚಿತಪಡಿಸುವುದು ಬಯಾಪ್ಸಿ ಮಾತ್ರ. ಸಂಶಯವಿರುವ ಜಾಗದಿಂದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಭಯದಿಂದ ತಡಮಾಡಿದರೆ ಗಡ್ಡೆ ಬೆಳೆಯುತ್ತದೆ. ಗಡ್ಡೆಯ ವ್ಯಾಪ್ತಿಯನ್ನು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ತೋರಿಸುತ್ತದೆ. ರೋಗದ ಹಂತ ನಿರ್ಧರಿಸುವಾಗ ಈಗ ಗಡ್ಡೆಯ ಅಗಲದೊಂದಿಗೆ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೂ ಪರಿಗಣಿಸಲಾಗುತ್ತದೆ.

ಚಿಕಿತ್ಸೆ ಮತ್ತು ಇತ್ತೀಚಿನ ಸಂಶೋಧನೆ

ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಮುಂದುವರಿದ ಹಂತದಲ್ಲಿ ಅದರ ಬಳಿಕ ವಿಕಿರಣ ಚಿಕಿತ್ಸೆಯನ್ನೂ, ಅಗತ್ಯವಿದ್ದರೆ ಕೀಮೋಥೆರಪಿಯನ್ನೂ ನೀಡಲಾಗುತ್ತದೆ.

ಕತ್ತಿನ ಶಸ್ತ್ರಚಿಕಿತ್ಸೆ: ಕತ್ತಿನಲ್ಲಿ ಗಂಟು ಇಲ್ಲದಿದ್ದರೂ ಅಲ್ಲಿನ ದುಗ್ಧಗ್ರಂಥಿಗಳನ್ನು ತೆಗೆಯಬೇಕೆಂದು ವೈದ್ಯರು ಹೇಳಿದಾಗ ರೋಗಿಗಳಿಗೆ ಗೊಂದಲವಾಗುವುದು ಸಹಜ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ (2015) ಇದಕ್ಕೆ ಉತ್ತರ ನೀಡಿದೆ. ಆರಂಭದ ಹಂತದಲ್ಲಿ ಬಾಯಿಯ ಗಡ್ಡೆಯೊಂದಿಗೇ ಗ್ರಂಥಿಗಳನ್ನೂ ತೆಗೆದವರಲ್ಲಿ ಮೂರು ವರ್ಷಗಳ ಬಳಿಕ ಶೇ. 80ರಷ್ಟು ಜನರು ಬದುಕಿದ್ದರು. ಗಂಟು ಕಾಣಿಸಿಕೊಂಡ ನಂತರವೇ ಕತ್ತಿನ ಶಸ್ತ್ರಚಿಕಿತ್ಸೆ ಮಾಡಿದ ಗುಂಪಿನಲ್ಲಿ ಈ ಪ್ರಮಾಣ ಶೇ. 67.5 ಆಗಿತ್ತು.

ಸಿಸ್‌ಪ್ಲಾಟಿನ್ ಸಹಿಸಲಾರದವರಿಗೆ: ಮೂತ್ರಪಿಂಡದ ದೌರ್ಬಲ್ಯ, ಶ್ರವಣದೋಷ ಮೊದಲಾದ ಕಾರಣಗಳಿಂದ ಕೆಲವರಿಗೆ ಸಿಸ್‌ಪ್ಲಾಟಿನ್ ಕೊಡಲಾಗದು. ತಲೆ ಮತ್ತು ಕತ್ತಿನ ಕ್ಯಾನ್ಸರ್‌ನ ಇಂತಹ ರೋಗಿಗಳಿಗೆ ವಿಕಿರಣದ ಜೊತೆ ಡೋಸಿಟ್ಯಾಕ್ಸೆಲ್ ನೀಡಿದಾಗ, ಎರಡು ವರ್ಷ ರೋಗಮುಕ್ತರಾಗಿ ಉಳಿದವರ ಪ್ರಮಾಣ ಶೇ. 30.3ರಿಂದ ಶೇ. 42ಕ್ಕೆ ಏರಿತು. ಇದೂ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ.

ಇಮ್ಯುನೋಥೆರಪಿ: ದೇಹದ ರೋಗನಿರೋಧಕ ಶಕ್ತಿಯು ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ದಾಳಿ ಮಾಡಲು ನೆರವಾಗುವ ಔಷಧಗಳಿವು. ಇವು ಬಹಳ ದುಬಾರಿ. ಗುಣಪಡಿಸಲಾಗದ ಹಂತದ ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ಅದೇ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದಲ್ಲಿ ಮೂರು ವಾರಗಳಿಗೊಮ್ಮೆ ಕೇವಲ 20 ಮಿ.ಗ್ರಾಂ. ನಿವೊಲುಮ್ಯಾಬ್ ಬಳಸಲಾಯಿತು. ಇದು ಸಾಮಾನ್ಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನುಂಗುವ ಮಾತ್ರೆಗಳ ಜೊತೆ ಇದನ್ನೂ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ. 43.4. ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಶೇ. 16.3. ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರ ಪೆಂಬ್ರೊಲಿಜುಮ್ಯಾಬ್ ನೀಡುವ ಕ್ರಮಕ್ಕೆ ಅಮೆರಿಕವು 2025ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

ಪುತ್ತೂರು, ಸುಳ್ಯ ಮತ್ತು ಕಡಬದ ಸಂದರ್ಭ

ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳಿಂದ ಕಡಬ ತಾಲೂಕು ರಚನೆಯಾಗಿದೆ. ಈ ಪ್ರದೇಶದ ಅನೇಕ ಕುಟುಂಬಗಳ ಜೀವನಾಧಾರ ಅಡಿಕೆ ತೋಟ. ಮದುವೆ, ಪೂಜೆ, ಭೂತಾರಾಧನೆಗಳಲ್ಲೂ ಅತಿಥಿ ಸತ್ಕಾರದಲ್ಲೂ ವೀಳ್ಯಕ್ಕೆ ಸ್ಥಾನವಿದೆ. ತಾಂಬೂಲ ನೀಡುವ ಆಚರಣೆ ಬೇರೆ, ಅದನ್ನು ದಿನವೂ ಜಗಿಯುವುದು ಬೇರೆ.

ಸುಳ್ಯದಲ್ಲಿ ಕೆ.ವಿ.ಜಿ. ದಂತ ವೈದ್ಯಕೀಯ ಕಾಲೇಜು ಮತ್ತು ವೈದ್ಯಕೀಯ ಕಾಲೇಜು ಇವೆ. ಸಂಶಯಾಸ್ಪದ ಹುಣ್ಣನ್ನು ಮೊದಲು ದಂತವೈದ್ಯರಿಗೂ ತೋರಿಸಬಹುದು. ವಿಕಿರಣ ಚಿಕಿತ್ಸೆಗೆ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ಅವಲಂಬಿಸುತ್ತಾರೆ. ಈ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಆರೇಳು ವಾರ ನಡೆಯುತ್ತದೆ. ನಡುವೆ ನಿಲ್ಲಿಸಿದರೆ ಅದರ ಪರಿಣಾಮ ಕುಗ್ಗುತ್ತದೆ. ಆದ್ದರಿಂದ ವಸತಿ ಮತ್ತು ಪ್ರಯಾಣದ ಏರ್ಪಾಡನ್ನು ಮೊದಲೇ ಮಾಡಿಕೊಳ್ಳುವುದು ಅಗತ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದ್ದು, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ.