ಕರ್ನಾಟಕದ ಸ್ಥಳೀಯ ಚುನಾವಣೆಗಳು: ಮತದಾರರ ಪಟ್ಟಿ ಮತ್ತು ಮತದಾನದ ಇತಿಹಾಸ

ಗ್ರಾಮ, ತಾಲ್ಲೂಕು ಹಾಗೂ ಜಿಲ್ಲಾ ಪಂಚಾಯಿತಿಗಳು, ಪುರಸಭೆ, ನಗರಸಭೆ ಮತ್ತು ಮಹಾನಗರ ಪಾಲಿಕೆಗಳ ಸದಸ್ಯರನ್ನು ಜನರು ನೇರವಾಗಿ ಆರಿಸುವ ಪ್ರಕ್ರಿಯೆಯೇ ಸ್ಥಳೀಯ ಚುನಾವಣೆ. ಕುಡಿಯುವ ನೀರು, ಚರಂಡಿ, ಬೀದಿದೀಪ, ಮನೆ ಹಂಚಿಕೆಯಂಥ ದಿನನಿತ್ಯದ ವಿಷಯಗಳನ್ನು ನಿರ್ಧರಿಸುವುದು ಈ ಸಂಸ್ಥೆಗಳೇ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಮತ. ಹೀಗಾಗಿ ಈ ಚುನಾವಣೆಗಳ ಇತಿಹಾಸ ಬಹುಮಟ್ಟಿಗೆ ಪಟ್ಟಿಯೊಳಗೆ ಯಾರು ಬಂದರು, ಯಾರು ಹೊರಗುಳಿದರು ಎಂಬುದರ ಇತಿಹಾಸ.

ಆಸ್ತಿವಂತರ ಮತ

1862ರಲ್ಲಿ ಬೆಂಗಳೂರಿನಲ್ಲಿ ಪುರಸಭಾ ಆಡಳಿತ ಆರಂಭವಾದರೂ ಅದರಲ್ಲಿ ಅಧಿಕಾರಿಗಳ ಮತ್ತು ನಾಮಕರಣಗೊಂಡವರ ಮಾತೇ ನಡೆಯುತ್ತಿತ್ತು. ಸ್ಥಳೀಯ ಸ್ವಯಮಾಡಳಿತಕ್ಕೆ ಚುನಾಯಿತ ಸದಸ್ಯರು ಬೇಕೆಂದು ವೈಸ್‌ರಾಯ್ ಲಾರ್ಡ್ ರಿಪ್ಪನ್ 1882ರಲ್ಲಿ ಹೊರಡಿಸಿದ ನಿರ್ಣಯ ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಹೊಸ ದಾರಿ ತೆರೆಯಿತು. 1884ರಲ್ಲಿ ಮುಂಬಯಿ ಹಾಗೂ ಮದ್ರಾಸ್ ಪ್ರಾಂತ್ಯಗಳು ಸ್ಥಳೀಯ ಮಂಡಳಿಗಳ ಕಾಯಿದೆಗಳನ್ನು ತಂದವು. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳು ಮೊದಲನೆಯದಕ್ಕೆ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಎರಡನೆಯದಕ್ಕೆ ಒಳಪಟ್ಟವು.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಅದು ಸ್ಥಳೀಯ ಸಂಸ್ಥೆಯಲ್ಲವಾದರೂ ಸಂಸ್ಥಾನದ ಜನರಿಗೆ ಪ್ರಾತಿನಿಧ್ಯದ ಮೊದಲ ಅನುಭವ ಕೊಟ್ಟಿತು. ಆರಂಭದ ಸದಸ್ಯರು ನಾಮಕರಣಗೊಂಡವರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರ ಹೊತ್ತಿಗೆ ಚುನಾವಣೆ ಬಂತು. ಮತ ಹಾಕಲು ಕಂದಾಯ, ಆಸ್ತಿ ಅಥವಾ ವಿದ್ಯೆಯ ಅರ್ಹತೆ ಬೇಕಿತ್ತು. ಕೂಲಿಕಾರರು, ಗೇಣಿದಾರರು, ದಲಿತರು ಬಹುಪಾಲು ಪಟ್ಟಿಯಿಂದ ಹೊರಗೇ ಉಳಿದರು. 1923ರ ಸುಧಾರಣೆಗಳು ಸಭೆಗೆ ಶಾಸನಬದ್ಧ ಸ್ಥಾನ ನೀಡಿ, ಮಹಿಳೆಯರ ಮತದಾನಕ್ಕಿದ್ದ ಅಡ್ಡಿ ತೆಗೆದುಹಾಕಿದವು. 1926ರ ಗ್ರಾಮ ಪಂಚಾಯಿತಿ ಶಾಸನ ಹಳ್ಳಿಯ ಆಡಳಿತಕ್ಕೆ ಹೊಸ ಚೌಕಟ್ಟು ಒದಗಿಸಿತು.

ವಯಸ್ಕರೆಲ್ಲರ ಮತ

ಸಂವಿಧಾನದ 326ನೇ ವಿಧಿ ಜಾತಿ, ಲಿಂಗ, ಆಸ್ತಿ, ಅಕ್ಷರಜ್ಞಾನದ ಅಡ್ಡಗೋಡೆಗಳನ್ನು ಕೆಡವಿತು. ಆದರೆ ಹಕ್ಕು ಸಿಕ್ಕ ಮಾತ್ರಕ್ಕೆ ಹೆಸರು ಪಟ್ಟಿಗೆ ಏರಲಿಲ್ಲ. ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧವಾಗುತ್ತಿದ್ದಾಗ ದೇಶದ ಕೆಲವು ಭಾಗಗಳಲ್ಲಿ ಮಹಿಳೆಯರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಆ ಪಟ್ಟಿಯಿಂದ ಬಿಟ್ಟುಹೋದರು. ಮುಂದಿನ ಸಲವಾದರೂ ಅವರು ಸ್ವಂತ ಹೆಸರಿನಲ್ಲಿ ಬರಲಿ ಎಂಬುದು ಆ ನಿರ್ಧಾರದ ಆಶಯವಾಗಿತ್ತು.

ಏಕೀಕರಣದ ನಂತರ ಬೇರೆ ಬೇರೆ ಪ್ರಾಂತ್ಯಗಳ ಕಾನೂನುಗಳ ಜಾಗಕ್ಕೆ 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಬಂತು. ಗ್ರಾಮ ಪಂಚಾಯಿತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳು ರೂಪುಗೊಂಡವು. ಆದರೆ ಜಿಲ್ಲಾ ಪರಿಷತ್ತಿಗೆ ಜನರಿಂದ ನೇರ ಚುನಾವಣೆ ಇರಲಿಲ್ಲ.

ಈ ಕೊರತೆ ತುಂಬಿದ್ದು ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯಿದೆ. ಅದರ ಹಿಂದಿನ ಚಾಲಕಶಕ್ತಿ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ತಲುಪಿಸಿ ಜನರಿಂದ ‘ನೀರ್ ಸಾಬ್’ ಎನಿಸಿಕೊಂಡಿದ್ದ ಅವರು, ಅಧಿಕಾರವೂ ಹಳ್ಳಿಗೆ ಹರಿಯಬೇಕೆಂದು ನಂಬಿದ್ದರು. 1987ರ ಜನವರಿಯಲ್ಲಿ ಈ ಕಾಯಿದೆ ರೂಪಿಸಿದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಸಂವಿಧಾನದ ತಿದ್ದುಪಡಿಗೆ ಕಾಯದೆ ಕರ್ನಾಟಕ ಇಟ್ಟ ಈ ಹೆಜ್ಜೆ ದೇಶದ ಗಮನ ಸೆಳೆಯಿತು.

ಸಂವಿಧಾನದ ಆಸರೆ

1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷದ ಅವಧಿ, ಮೀಸಲಾತಿ ಮತ್ತು ಸ್ವತಂತ್ರ ರಾಜ್ಯ ಚುನಾವಣಾ ಆಯೋಗವನ್ನು ಖಾತರಿಪಡಿಸಿದವು. ಪಟ್ಟಿ ಸಿದ್ಧಪಡಿಸುವುದರ ಮೇಲ್ವಿಚಾರಣೆಯಿಂದ ಹಿಡಿದು ಚುನಾವಣೆ ನಡೆಸುವವರೆಗಿನ ಹೊಣೆ ಈ ಆಯೋಗದ್ದು. ಕರ್ನಾಟಕ ಅದೇ ವರ್ಷ ಹೊಸ ಪಂಚಾಯತ್ ರಾಜ್ ಕಾಯಿದೆ ತಂದು, ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಸಿತು. 2010ರ ತಿದ್ದುಪಡಿ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ಅರ್ಧಕ್ಕೆ ಏರಿಸಿತು. ಒಂದು ಕಾಲದಲ್ಲಿ ಪಟ್ಟಿಗೆ ಹೆಸರು ಬರೆಸಲು ಹಿಂಜರಿದವರ ಮೊಮ್ಮಕ್ಕಳು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು.

ಹೆಸರು ನೋಂದಣಿ

ಪಂಚಾಯಿತಿಗೆಂದು ಪ್ರತ್ಯೇಕ ನೋಂದಣಿ ಇಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡ್ ಅಥವಾ ಕ್ಷೇತ್ರವಾರು ವಿಂಗಡಿಸಿ ಬಳಸುವುದು ರೂಢಿಯಲ್ಲಿರುವ ಕ್ರಮ. ಆದ್ದರಿಂದ ಹೊಸದಾಗಿ ಸೇರುವವರು ನಮೂನೆ 6ರಲ್ಲಿ, ಮನೆ ಬದಲಿಸಿದವರು ನಮೂನೆ 8ರಲ್ಲಿ ಅರ್ಜಿ ಸಲ್ಲಿಸಬೇಕು. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹಿಂದೆ ಜನವರಿ 1 ಮಾತ್ರ ಅರ್ಹತಾ ದಿನವಾಗಿತ್ತು. 2022ರಿಂದ ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ 1 ಕೂಡ ಸೇರಿಕೊಂಡಿವೆ.

ಒಬ್ಬರ ಹೆಸರು ಒಂದೇ ಕಡೆ, ಅವರು ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿ ಇರಬೇಕೆಂಬುದು ನಿಯಮ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಕಟ್ಟಡ ಕಾರ್ಮಿಕರಿಗೆ ಈ ನಿಯಮ ಸಂಕಟ ತರುತ್ತದೆ. ಹೆಸರು ಊರಲ್ಲಿದ್ದರೆ ಮತ ಹಾಕಲು ಕೂಲಿ ಬಿಟ್ಟು ಹೋಗಬೇಕು. ಬೆಂಗಳೂರಿಗೆ ವರ್ಗಾಯಿಸೋಣವೆಂದರೆ, ವಾಸಿಸುವ ಶೆಡ್ಡಿನ ವಿಳಾಸಕ್ಕೆ ದಾಖಲೆ ಹೊಂದಿಸುವುದು ಸುಲಭವಲ್ಲ. ನಗರದ ನೀರು, ಕಸ, ರಸ್ತೆಯ ಕೊರತೆಯನ್ನು ಹೆಚ್ಚು ಅನುಭವಿಸುವವರೇ ಅದರ ಪಾಲಿಕೆಯ ಪಟ್ಟಿಯಿಂದ ದೂರ ಉಳಿಯುತ್ತಾರೆ.

ಮತಗಟ್ಟೆಯಲ್ಲಿ

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಅಭ್ಯರ್ಥಿಗಳಿಗೆ ಆಯೋಗವೇ ಮುಕ್ತ ಚಿಹ್ನೆ ಹಂಚುತ್ತದೆ. ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ಕ್ಷೇತ್ರದಲ್ಲಿ ಮತದಾರರಿಗೆ ಸ್ಥಾನಗಳಷ್ಟೇ ಮತಗಳಿರುತ್ತವೆ. ಒಬ್ಬ ಅಭ್ಯರ್ಥಿಗೆ ಒಂದೇ ಮತ. 2020ರ ಡಿಸೆಂಬರ್ 22 ಮತ್ತು 27ರಂದು, ಕೋವಿಡ್ ನಡುವೆ ನಡೆದ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಮತಯಂತ್ರ ಬಳಸಿದರೆ ಉಳಿದೆಡೆ ಮತಪತ್ರವೇ ಇತ್ತು.

ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರಿನ ಕೊಡುಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಆರಂಭವಾದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಅದು ದೇಶಕ್ಕೆ ಶಾಯಿ ಪೂರೈಸುತ್ತಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೆ ಬೆರೆತು ಗಾಢ ಕಲೆಯಾಗಿ ಉಳಿಯುತ್ತದೆ. ಆ ಕಲೆ ಒಬ್ಬರು ಎರಡು ಬಾರಿ ಮತ ಹಾಕುವುದನ್ನು ತಡೆಯುತ್ತದೆ.

ತಡವಾಗುವ ಚುನಾವಣೆಗಳು

ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿಹೇಳಿತು. ಹಾಗಿದ್ದೂ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ವಿವಾದಗಳಲ್ಲಿ ವರ್ಷಗಳೇ ಕಳೆದವು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಯಿತು. ಐದು ವರ್ಷಗಳ ನಂತರ, ಚುನಾಯಿತ ಸದಸ್ಯರಿಲ್ಲದಿರುವಾಗಲೇ ಅದು ಐದು ನಗರ ಪಾಲಿಕೆಗಳಾಗಿ ವಿಭಜನೆಯಾಯಿತು.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸ್ಥಳೀಯ ಚುನಾವಣೆಗಳಲ್ಲಿ ಮತಪತ್ರ ಬಳಸುವಂತೆಯೂ ರಾಜ್ಯ ಆಯೋಗವೇ ಮತದಾರರ ಪಟ್ಟಿ ಸಿದ್ಧಪಡಿಸುವಂತೆಯೂ ಶಿಫಾರಸು ಮಾಡಿತು. ಪಟ್ಟಿ ಯಾರು ಮಾಡಬೇಕು, ಮತ ಕಾಗದದ ಮೇಲೋ ಯಂತ್ರದಲ್ಲೋ ಎಂಬ ಚರ್ಚೆ ಅಗತ್ಯವೇ. ಆದರೆ ಚುನಾವಣೆಯೇ ನಡೆಯದಿದ್ದರೆ ಅತ್ಯಂತ ನಿಖರವಾದ ಪಟ್ಟಿಯೂ ನಿಷ್ಪ್ರಯೋಜಕ. ನೂರು ವರ್ಷಗಳಲ್ಲಿ ಆಸ್ತಿ, ಲಿಂಗ, ಅಕ್ಷರದ ಅಡ್ಡಿಗಳನ್ನು ದಾಟಿ ಪಟ್ಟಿಗೆ ಬಂದ ಮತದಾರರಿಗೆ ಸಕಾಲಕ್ಕೆ ಚುನಾವಣೆ ನಡೆಸಿಕೊಡುವುದು ಸರ್ಕಾರ ಮತ್ತು ಆಯೋಗಗಳ ಮೇಲಿರುವ ಸಾಂವಿಧಾನಿಕ ಋಣ.